ಗೆಳತಿಯರ ಜೊತೆ ಮದುವೆ ಸೀರೆ ತೆಗೆಯುವುದು ಹೇಗೆ: ದಿನ ಎಣಿಸುವುದರಿಂದ ಕುಚ್ಚು ಕಟ್ಟಿಸುವವರೆಗೆ

ಗೆಳತಿಯರನ್ನು ಕಟ್ಟಿಕೊಂಡು ಮದುವೆ ಜವಳಿಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದವರು, ಇಲ್ಲವೇ ತಂದ ಸೀರೆಯನ್ನು ಮನೆಯಲ್ಲಿ ಬಿಡಿಸಿ ನೋಡಿ ಅತ್ತವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ತಪ್ಪಾಯ್ತು? ನಾನು ಒಂಬತ್ತು ಮದುವೆಗಳ ಜವಳಿಗೆ ಗೆಳತಿಯಾಗಿ ಹೋಗಿದ್ದೇನೆ, ಒಮ್ಮೆ ಮದುಮಗಳಾಗಿ. ತಪ್ಪು ಬಹುಪಾಲು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಆಗಿರುತ್ತದೆ. ಆರು ಜನ ಹೊರಟಿರುತ್ತಾರೆ, ದಿನ ಒಂದೇ ಶನಿವಾರ, ದುಡ್ಡು ಎಷ್ಟು ಅಂತ ಯಾರಿಗೂ ಗೊತ್ತಿರುವುದಿಲ್ಲ, ಪ್ರತಿಯೊಬ್ಬರಿಗೂ ಒಂದೊಂದು ಅಭಿಪ್ರಾಯ. ಗೆಳತಿಯರಿಂದ ಅಭಿಪ್ರಾಯ ಕೇಳಬೇಡಿ, ಕೆಲಸ ಹಂಚಿ. ಈ ಮಾರ್ಗದರ್ಶಿ ಪೂರ್ತಿ ಅದರ ಮೇಲೆ ನಿಂತಿದೆ.

ಇಲ್ಲಿ ಹೇಳುವುದು ಧಾರೆಗೆ ಉಡುವ ರೇಷ್ಮೆ ಸೀರೆಯ ಬಗ್ಗೆ. ರಿಸೆಪ್ಷನ್‌ನ ಲೆಹಂಗಾಕ್ಕೂ ಅರ್ಧದಷ್ಟು ಮಾತು ಹೊಂದುತ್ತದೆ.

ಹಂತ 1: ಮುಹೂರ್ತದಿಂದ ಹಿಂದಕ್ಕೆ ದಿನ ಎಣಿಸಿ

ಹೆಚ್ಚಿನವರು ಸೀರೆ ಯಾವಾಗ ತೆಗೆಯಬೇಕು ಎಂದು ಯೋಚಿಸುತ್ತಾರೆ. ಬ್ಲೌಸ್ ಯಾವಾಗ ಕೈಗೆ ಬರಬೇಕು ಎಂಬುದರಿಂದ ಶುರು ಮಾಡಿ. ಆರಿ ವರ್ಕ್ (ಕೊಕ್ಕೆ ಸೂಜಿಯಿಂದ ಮಾಡುವ ಕಸೂತಿ) ಇರುವ ಬ್ಲೌಸಿಗೆ ಮದುವೆ ಕಾಲದಲ್ಲಿ ಮೂರರಿಂದ ನಾಲ್ಕು ವಾರ ಬೇಕು. ಅದು ಬಂದ ಮೇಲೆ ಸರಿಪಡಿಸಲು ಒಂದು ವಾರ.

ಹಾಗಾಗಿ ಲೆಕ್ಕ ಹೀಗೆ: ಮದುವೆಗೆ ಒಂದು ವಾರ ಮೊದಲು ಎಲ್ಲವೂ ಪೆಟ್ಟಿಗೆಯಲ್ಲಿರಬೇಕು. ಎರಡು ವಾರ ಮೊದಲು ಬ್ಲೌಸ್ ಹಾಕಿ ನೋಡಬೇಕು. ಆರು ವಾರ ಮೊದಲು ಬಟ್ಟೆ ಟೈಲರ್ ಕೈಯಲ್ಲಿರಬೇಕು. ಅಂದರೆ ಸೀರೆ ಎಂಟರಿಂದ ಹತ್ತು ವಾರ ಮೊದಲೇ ಮನೆಗೆ ಬರಬೇಕು.

ಆಷಾಢದಲ್ಲಿ ಅಂಗಡಿಗಳು ರಿಯಾಯಿತಿ ಹಾಕುತ್ತವೆ, ಜನವೂ ಕಡಿಮೆ. ಮನೆಯಲ್ಲಿ ಆ ತಿಂಗಳು ಮದುವೆ ಬಟ್ಟೆ ತೆಗೆಯುವುದು ಬೇಡ ಅಂದರೆ ಹಿರಿಯರ ಜೊತೆ ವಾದ ಬೇಡ. ಗೆಳತಿಯರ ಜೊತೆ ಬರೀ ನೋಡಿಕೊಂಡು ಬನ್ನಿ. ಯಾವ ಬಣ್ಣ ನಿಮ್ಮ ಮೈಗೆ ಒಪ್ಪುತ್ತದೆ, ಯಾವ ಸೀರೆಗೆ ಎಷ್ಟು ದರ ಎಂಬುದು ಆ ಒಂದು ಸುತ್ತಿನಲ್ಲೇ ತಿಳಿಯುತ್ತದೆ.

ಹಂತ 2: ಮನೆಯವರನ್ನು ಮೊದಲು ಕೇಳಿ

ಈ ಹಂತ ಬಿಟ್ಟವರೇ ಹೆಚ್ಚು ಅತ್ತವರು. ಧಾರೆ ಸೀರೆ ತರುವವರು ಯಾರು? ಕೆಲವು ಮನೆಗಳಲ್ಲಿ ಗಂಡಿನ ಕಡೆಯವರು, ಕೆಲವರಲ್ಲಿ ಸೋದರಮಾವ, ಕೆಲವರಲ್ಲಿ ಹೆಣ್ಣಿನ ಅಪ್ಪ ಅಮ್ಮ. ನೀವು ಗೆಳತಿಯರ ಜೊತೆ ಹೋಗಿ ಧಾರೆಗೆ ಅಂತ ಒಂದು ಸೀರೆ ತಂದಿಟ್ಟ ಮೇಲೆ, ಅತ್ತೆ ಮನೆಯವರು ಇನ್ನೊಂದು ತಂದರೆ ಯಾವುದನ್ನು ಉಡುತ್ತೀರಿ?

ಅವರು ತರುವ ಪದ್ಧತಿ ಇದ್ದರೆ ನೇರವಾಗಿ, ಮರ್ಯಾದೆಯಿಂದ ಕೇಳಿ: "ಅತ್ತೆ, ಧಾರೆ ಸೀರೆ ತೆಗೆಯೋಕೆ ಹೋಗುವಾಗ ನಾನೂ ಬರಬಹುದಾ? ನನ್ನ ಗೆಳತಿಯೊಬ್ಬಳು ಜೊತೆಗಿರ್ತಾಳೆ." ನಾನು ಕಂಡಂತೆ ಇದಕ್ಕೆ ಬೇಡ ಅಂದವರು ಕಡಿಮೆ. ಆ ದಿನ ಒಬ್ಬಳನ್ನೇ ಕರೆದುಕೊಂಡು ಹೋಗಿ, ಗುಂಪು ಬೇಡ.

ಬಣ್ಣದ ಕಟ್ಟಳೆಯನ್ನೂ ಆಗಲೇ ಕೇಳಿಕೊಳ್ಳಿ. ಕೆಲವು ಮನೆಗಳಲ್ಲಿ ಧಾರೆಗೆ ಕೆಂಪಂಚಿನ ಬಿಳಿ ಅಥವಾ ಕೆನೆ ಬಣ್ಣದ ಸೀರೆಯೇ ಆಗಬೇಕು, ಬಹುತೇಕ ಎಲ್ಲರಲ್ಲೂ ಕಪ್ಪು ಕೂಡದು, ಅಂಚಿನಲ್ಲಿ ಕಪ್ಪು ಎಳೆ ಇದ್ದರೂ ಒಪ್ಪದ ಅಜ್ಜಿಯರಿದ್ದಾರೆ. ಅರಿಶಿನದ ಶಾಸ್ತ್ರ, ವರಪೂಜೆ, ಧಾರೆ, ಮನೆ ತುಂಬಿಸಿಕೊಳ್ಳುವುದು, ಬೀಗರ ಊಟ: ಯಾವುದಕ್ಕೆ ಯಾವ ಸೀರೆ, ಯಾರು ಕೊಡುವವರು ಎಂದು ಒಂದು ಹಾಳೆಯಲ್ಲಿ ಬರೆದು ಗೆಳತಿಯರಿಗೂ ಕಳಿಸಿ.

ಹಂತ 3: ಮೂವರು ಗೆಳತಿಯರು, ಮೂರು ಕೆಲಸ

ಮೂವರಿಗಿಂತ ಹೆಚ್ಚು ಬೇಡ. ಬೇಜಾರಾಗುತ್ತಾರೆ ಅನಿಸಿದವರನ್ನು ರಿಸೆಪ್ಷನ್ ಸೀರೆಗೋ ಬಳೆಗೋ ಇನ್ನೊಂದು ದಿನ ಕರೆಯಿರಿ.

ಲೆಕ್ಕದವಳು. ನಿಮ್ಮ ಬಜೆಟ್ ಪೂರ್ತಿ ಗೊತ್ತಿರುವವಳು ಇವಳೊಬ್ಬಳೇ. ಅಂಗಡಿಯವರ ಜೊತೆ ದರದ ಮಾತು ಇವಳೇ ಆಡುತ್ತಾಳೆ, ಬಿಲ್ ಇವಳೇ ಓದುತ್ತಾಳೆ. ಮೈಮೇಲೆ ಸೀರೆ ಹೊದ್ದು ಕನ್ನಡಿ ಮುಂದೆ ನಿಂತಾಗ ಮದುಮಗಳಿಗೆ ಲೆಕ್ಕ ಮರೆತುಹೋಗುತ್ತದೆ. ಆ ಹೊತ್ತಿನಲ್ಲಿ "ಇಲ್ಲ ಕಣೇ, ಇದು ನಮ್ಮ ಲೆಕ್ಕ ದಾಟುತ್ತೆ" ಎಂದು ಮುಖ ನೋಡದೆ ಹೇಳಬಲ್ಲವಳೇ ಈ ಕೆಲಸಕ್ಕೆ ಸರಿ.

ಬಟ್ಟೆಯವಳು. ನೇಯ್ಗೆ, ಜರಿ, ಕಲೆ, ಉದ್ದ ನೋಡುವ ಕೆಲಸ. ಇವಳಿಗೆ ಪರಿಣತಿಗಿಂತ ತಾಳ್ಮೆ ಮುಖ್ಯ. ಆರು ಮೀಟರ್ ಸೀರೆಯನ್ನು ಗೇಣು ಗೇಣಾಗಿ ಸರಿಸಿ ನೋಡಲು ಬೇಸರಿಸಬಾರದು.

ಫೋಟೋದವಳು. ಪ್ರತಿ ಸೀರೆಗೂ ಎದುರಿನಿಂದ, ಹಿಂದಿನಿಂದ, ಕೂತಾಗ, ಹೀಗೆ ಮೂರು ಚಿತ್ರ, ಫ್ಲ್ಯಾಷ್ ಇಲ್ಲದೆ. ಜೊತೆಗೆ ದರದ ಚೀಟಿಯದೂ ಒಂದು. ಫಿಲ್ಟರ್ ಬಳಸಕೂಡದು.

ಅಮ್ಮ ಬರಬೇಕೇ? ಬರಲಿ. ಮೊದಲ ಸುತ್ತಿಗೆ ಬರದಿದ್ದರೂ ಕೊನೆಯ ಎರಡು ಸೀರೆಗಳ ನಡುವೆ ತೀರ್ಮಾನಿಸುವ ದಿನ ಅಮ್ಮ ಪಕ್ಕದಲ್ಲಿರಲಿ. ಗೆಳತಿಯರೆಲ್ಲ ಆರಿಸಿ ಮುಗಿಸಿದ ಮೇಲೆ ಫೋಟೋ ಕಳಿಸಿ "ಹೇಗಿದೆ?" ಎಂದು ಕೇಳಿದರೆ ಅವರಿಗೆ ನೋವಾಗುತ್ತದೆ.

ಎಚ್ಚರಿಕೆಯ ಲಕ್ಷಣಗಳು ಕೆಲವಿವೆ. ಪ್ರತಿ ಸೀರೆಗೂ "ಸೂಪರ್" ಅನ್ನುವವಳಿಂದ ಆ ದಿನ ಉಪಯೋಗವಿಲ್ಲ. "ನಾನಾಗಿದ್ರೆ ಇದನ್ನ ತಗೋತಿದ್ದೆ" ಎಂಬ ಮಾತು ಮೂರು ಸಲ ಬಂದರೆ ಅವಳು ತನಗಾಗಿ ಆರಿಸುತ್ತಿದ್ದಾಳೆ ಎಂದರ್ಥ. ಅವಳನ್ನು ಫೋಟೋದ ಕೆಲಸಕ್ಕೆ ಹಚ್ಚಿ. ದೂರದಲ್ಲಿರುವ ಗೆಳತಿಗೆ ವಿಡಿಯೋ ಕಾಲ್ ಮಾಡುವುದಿದ್ದರೆ ಆರಿಸಿದ ಕೊನೆಯ ಎರಡು ಸೀರೆ ತೋರಿಸಲು ಮಾತ್ರ. ಫೋನಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ, ಅವಳು ಹೇಳುವ "ಮಂಕಾಗಿದೆ" ನಿಮ್ಮ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಹಂತ 4: ಬಜೆಟ್‌ನಿಂದ ಕಾಲು ಭಾಗ ಮೊದಲೇ ತೆಗೆದಿಡಿ

ಕೈಯಲ್ಲಿ 40,000 ರೂಪಾಯಿ ಇದ್ದರೆ ಸೀರೆಗೆ ಮಿತಿ 30,000. ಉಳಿದದ್ದು ಬ್ಲೌಸ್ ಹೊಲಿಗೆ, ಆರಿ ವರ್ಕ್, ಲೈನಿಂಗ್, ಫಾಲ್, ಜಿಗ್‌ಜಾಗ್, ಕುಚ್ಚು, ಲಂಗಕ್ಕೆ. ಹೊಲಿಯದ ಸೀರೆಗೆ ಜಿಎಸ್‌ಟಿ ಶೇ. 5. ರಿಸೆಪ್ಷನ್‌ಗೆ ಹೊಲಿದ ಲೆಹಂಗಾ, ಗೌನ್ ಆದರೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ದಾಟಿದ ಉಡುಪಿಗೆ ಶೇ. 18. ದರ ಕೇಳುವಾಗ ತೆರಿಗೆ ಸೇರಿಯೋ ಬಿಟ್ಟೋ ಎಂಬುದನ್ನು ಲೆಕ್ಕದವಳು ಕೇಳಲೇಬೇಕು.

ಹಂತ 5: ಚೀಲದಲ್ಲಿ ಏನಿರಬೇಕು

ಮೈಗೆ ಸರಿಯಾಗಿ ಕೂರುವ ಒಂದು ಬ್ಲೌಸನ್ನು ತೊಟ್ಟೇ ಹೋಗಿ, ಮೇಲೆ ತೆಳುವಾದ ಕುರ್ತಾ. ದಪ್ಪ ಟೀಶರ್ಟಿನ ಮೇಲೆ ಹೊದಿಸಿದ ಸೀರೆ ಯಾರಿಗೂ ಒಪ್ಪುವುದಿಲ್ಲ. ಮದುವೆಗೆ ಹಾಕುವ ಒಂದು ಜೊತೆ ಓಲೆ, ಸರದ ಫೋಟೋ, ಸೇಫ್ಟಿ ಪಿನ್ನು, ಅಳತೆ ಟೇಪು, ಬಿಳಿ ಕರ್ಚೀಫು, ನೀರು. ಜೊತೆಗೆ ಹೊಟ್ಟೆಗೆ ಏನಾದರೂ. ಮಧ್ಯಾಹ್ನ ಎರಡು ಗಂಟೆಗೆ ಹಸಿದುಕೊಂಡು "ಯಾವುದೋ ಒಂದು ತಗೊಂಡು ಬಿಡೋಣ" ಎಂದು ತೆಗೆದ ಸೀರೆಗಳನ್ನು ನಾನು ನೋಡಿದ್ದೇನೆ.

ಹಂತ 6: ಯಾವ ಸೀರೆ, ಯಾವ ಅಂಗಡಿ

ಅಂಗಡಿಗಿಂತ ಮೊದಲು ಸೀರೆಯ ಜಾತಿ ತೀರ್ಮಾನಿಸಿ. ಮೈಸೂರು ರೇಷ್ಮೆ ಮೈಗೆ ಇಳಿಬೀಳುವ, ನುಣುಪಾದ ಬಟ್ಟೆ. ಅಗಲ ಅಂಚಿನ ಗತ್ತು ಅದರಲ್ಲಿ ಕಡಿಮೆ, ಆದರೆ ಎಷ್ಟು ಹೊತ್ತು ಉಟ್ಟರೂ ದಣಿವಾಗುವುದಿಲ್ಲ. ಮೈಸೂರಿನ ಸರ್ಕಾರಿ ನೇಯ್ಗೆ ಕಾರ್ಖಾನೆ 1912ರದು, ಈಗ ಅದನ್ನು ನಡೆಸುವುದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ. ನಿಗಮದ ಮಳಿಗೆಯ ಸೀರೆಗೆ ಅದರದೇ ಗುರುತಿನ ಸಂಖ್ಯೆ ಇರುತ್ತದೆ. ಬೇರೆ ಅಂಗಡಿಯಲ್ಲಿ "ಮೈಸೂರ್ ಸಿಲ್ಕ್" ಎಂದು ತೋರಿಸುವ ಕ್ರೇಪ್ ಸೀರೆ ನಿಗಮದ್ದೇ ಆಗಿರಬೇಕಿಲ್ಲ, ಕೇಳಿ ತಿಳಿದುಕೊಳ್ಳಿ. ಕಂಚಿ ಸೀರೆ ಗಟ್ಟಿ, ಭಾರ, ಮಂಟಪದಲ್ಲಿ ಮತ್ತು ಫೋಟೋದಲ್ಲಿ ತುಂಬಿ ಕಾಣುತ್ತದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆಯನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ನನಗೆ ಅದರ ಮೇಲೆ ವಿಶೇಷ ಪ್ರೀತಿ, ಒಮ್ಮೆ ನೋಡಿ.

ಬೆಂಗಳೂರಿನವರು ಚಿಕ್ಕಪೇಟೆಗೆ ಹೋಗುವುದಾದರೆ ಕಾರು ಬಿಟ್ಟು ಹಸಿರು ಮೆಟ್ರೋ ಹಿಡಿಯಿರಿ, ಚಿಕ್ಕಪೇಟೆ ನಿಲ್ದಾಣದಲ್ಲೇ ಇಳಿಯಬಹುದು. ವಾರದ ನಡುವೆ, ಬೆಳಿಗ್ಗೆ ಹನ್ನೊಂದರೊಳಗೆ ಅಂಗಡಿಯಲ್ಲಿರಿ. ಭಾನುವಾರ ಅಲ್ಲಿ ಹಲವು ಅಂಗಡಿಗಳು ಬಾಗಿಲು ಹಾಕಿರುತ್ತವೆ, ಫೋನ್ ಮಾಡಿ ವಿಚಾರಿಸಿಯೇ ಹೊರಡಿ. ಊಟಕ್ಕೆ ಮೊದಲು ಎರಡು ಅಂಗಡಿ, ಆಮೇಲೆ ಒಂದು, ಅಷ್ಟೇ. ನಾಲ್ಕನೆಯ ಅಂಗಡಿಯ ಹೊತ್ತಿಗೆ ಕಣ್ಣಿಗೆ ಎಲ್ಲ ಕೆಂಪೂ ಒಂದೇ ಥರ ಕಾಣುತ್ತದೆ.

ಹಂತ 7: ಗಾದಿಯ ಮೇಲೆ ಕೂತ ಮೇಲೆ

ಬಿಳಿ ಗಾದಿಯ ಮೇಲೆ ಕೂತ ಕೂಡಲೇ ಅಂಗಡಿಯ ಅಣ್ಣ ಒಂದರ ಮೇಲೊಂದು ಸೀರೆ ಬಿಚ್ಚಿ ಎಸೆಯುತ್ತಾರೆ. ಹತ್ತು ನಿಮಿಷದಲ್ಲಿ ಮುಂದೆ ಮೊಣಕಾಲೆತ್ತರ ರಾಶಿ, ತಳದಲ್ಲಿ ಎಲ್ಲೋ ನೀವು ಮೊದಲು ಇಷ್ಟಪಟ್ಟ ಆ ನೇರಳೆ. ಅದಕ್ಕೇ ಈ ಕ್ರಮ ಬಿಡಬೇಡಿ.

1. ಮೊದಲು ದರದ ಮಿತಿ, ಸೀರೆಯ ಜಾತಿ, ಬೇಡದ ಬಣ್ಣ ಈ ಮೂರನ್ನೂ ಲೆಕ್ಕದವಳು ಹೇಳಲಿ. ಮಿತಿ 30,000 ಆದರೆ "25,000ದ ಒಳಗೆ ತೋರಿಸಿ ಅಣ್ಣ" ಅನ್ನಿ.

2. ಇಷ್ಟವಾದದ್ದನ್ನು ಪಕ್ಕಕ್ಕಿಡಿ. ಪಕ್ಕದಲ್ಲಿ ಮೂರಕ್ಕಿಂತ ಹೆಚ್ಚು ಇರಬಾರದು. ನಾಲ್ಕನೆಯದು ಬೇಕಾದರೆ ಮೂರರಲ್ಲಿ ಒಂದನ್ನು ವಾಪಸ್ ಕೊಡಿ. ಇದೊಂದನ್ನು ಪಾಲಿಸಿದರೆ ಅರ್ಧ ದಿನ ಉಳಿಯುತ್ತದೆ.

3. ಮೂರನ್ನೂ ಮೈಮೇಲೆ ನಿರಿಗೆ ಹಿಡಿಸಿ ಉಡಿಸಿ ನೋಡಿ. ಭುಜದ ಮೇಲೆ ಹಾಕಿದರೆ ಸೆರಗಷ್ಟೇ ಕಾಣುತ್ತದೆ. ಒಡಲು ಹೇಗೆ ಬೀಳುತ್ತದೆ, ಅಂಚು ಕಾಲ ಬಳಿ ಎಷ್ಟು ಕಾಣುತ್ತದೆ ಎಂಬುದು ನಿರಿಗೆಯಿಂದಲೇ ಗೊತ್ತಾಗಬೇಕು. ಕುಳ್ಳಗಿರುವವರಿಗೆ ತೀರಾ ಅಗಲದ ಅಂಚು ಸೊಂಟದವರೆಗೆ ಬಂದಂತೆ ಕಾಣಬಹುದು.

4. ಬಾಗಿಲ ಬೆಳಕಿಗೆ ಒಯ್ಯಿರಿ. ನನ್ನ ಮದುವೆಯ ಸೀರೆ ತೆಗೆದದ್ದು ಸಂಜೆ ಏಳಕ್ಕೆ, ಹಳದಿ ದೀಪದ ಕೆಳಗೆ. ಅಲ್ಲಿ ಕಂಡದ್ದು ತುಂಬು ಗುಲಾಬಿ. ಬೆಳಿಗ್ಗೆ ಜಗುಲಿಯಲ್ಲಿ ಬಿಡಿಸಿದರೆ ಇಟ್ಟಿಗೆ ಬಣ್ಣ. ಹಾಸಿಗೂ ಹೊಕ್ಕಿಗೂ ಬೇರೆ ಬೇರೆ ಬಣ್ಣದ ಎಳೆ ಹಾಕಿ ನೇಯ್ದ ಡಬಲ್ ಶೇಡ್ ಸೀರೆ ಅದು, ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ಅಂಗಡಿಯವರು ಮೋಸ ಮಾಡಿರಲಿಲ್ಲ, ಬಾಗಿಲವರೆಗೆ ಹೋಗಿ ನೋಡು ಎಂದು ನನಗೆ ಹೇಳುವವರು ಜೊತೆಗಿರಲಿಲ್ಲ. ಹಾಗಾಗಿ ನನ್ನ ಗೆಳತಿಯರ ಸರದಿ ಬಂದಾಗಲೆಲ್ಲ ಬಾಗಿಲಿಗೆ ಎಳೆದೊಯ್ಯುವವಳು ನಾನೇ.

5. ಕೂತು ನೋಡಿ. ಉಟ್ಟ ಸೀರೆಯಲ್ಲೇ ಚಕ್ಕಳಮಕ್ಕಳ ಹಾಕಿ ಐದು ನಿಮಿಷ ಕೂರಿ. ಹಸೆಮಣೆಯ ಮೇಲೆ, ಹೋಮದ ಬಿಸಿಯ ಪಕ್ಕ ನೀವು ಗಂಟೆಗಟ್ಟಲೆ ಕೂರಬೇಕು. ಗಟ್ಟಿ ರೇಷ್ಮೆ ಹೊಟ್ಟೆಯ ಬಳಿ ಗುಪ್ಪೆಯಾಗಿ ನಿಂತರೆ, ಜರಿ ಕಂಕುಳ ಕೆಳಗೆ ಚುಚ್ಚಿದರೆ ಆ ಸೀರೆ ಎಷ್ಟೇ ಚೆಂದವಿದ್ದರೂ ಬಿಡಿ.

"ಇದೊಂದೇ ಪೀಸ್ ಇರೋದು ಮೇಡಂ" ಎಂಬ ಮಾತು ಬಂದಾಗ ನಾಲ್ವರೂ ಎದ್ದು ಹೊರಗೆ ಹೋಗಿ ಕಾಫಿ ಕುಡಿದು ಬನ್ನಿ. ಕಾಫಿಯ ನಂತರವೂ ಆ ಸೀರೆಯೇ ನೆನಪಿದ್ದರೆ ತೆಗೆದುಕೊಳ್ಳಿ.

ಹಂತ 8: ಬಟ್ಟೆಯವಳ ಪರೀಕ್ಷೆ

ಆರಿಸಿದ ಒಂದೇ ಸೀರೆಗೆ ಹದಿನೈದು ನಿಮಿಷ ಕೊಡಿ. ದರ ಮಾತಾಡುವ ಮೊದಲೇ ಇದು ಮುಗಿಯಬೇಕು.

ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ. ಕೇಂದ್ರ ರೇಷ್ಮೆ ಮಂಡಳಿ 2004ರಲ್ಲಿ ಶುರು ಮಾಡಿದ ಗುರುತು ಅದು, ಹೊಲೊಗ್ರಾಮ್ ಮತ್ತು ಸಂಖ್ಯೆ ಇರುತ್ತದೆ. ಅದು ಹೇಳುವುದು ರೇಷ್ಮೆ ಅಪ್ಪಟ ಎಂದಷ್ಟೇ, ಜರಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಜರಿಯ ಬಗ್ಗೆ ಬೇರೆಯಾಗಿ ಕೇಳಿ. ಅಸಲಿ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ಹಾಫ್ ಫೈನ್ ಜರಿಯಲ್ಲಿ ತಾಮ್ರದ ತಂತಿಗೆ ಬೆಳ್ಳಿ ಲೇಪ. ಪ್ಲಾಸ್ಟಿಕ್ ಜರಿ ಹೊಳೆಯುವ ಪಾಲಿಯೆಸ್ಟರ್ ಪಟ್ಟಿ. ಸೆರಗಿನ ತುದಿಯ ಬಿಡಿ ಎಳೆಯೊಂದನ್ನು ಅಂಗಡಿಯವರಿಂದಲೇ ಕೀಳಿಸಿ, ಉಗುರಿನಿಂದ ಕೆರೆಯಿರಿ. ಒಳಗೆ ಕೆಂಪು ರೇಷ್ಮೆ ಕಂಡರೆ ಒಳ್ಳೆಯ ಲಕ್ಷಣ. ಪ್ಲಾಸ್ಟಿಕ್ಕಿನಂತೆ ಸುಲಿದು ಬಂದರೆ ಅಸಲಿಯಲ್ಲ. ಹಾಫ್ ಫೈನ್ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ, ಅಸಲಿಯ ದರ ಕೊಟ್ಟು ಅದನ್ನು ತರಬಾರದು ಅಷ್ಟೇ. ಯಾವ ಜರಿ ಎಂದು ಬಿಲ್‌ನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅದೇ ನಿಮಗೆ ಸೂಚನೆ.

ರೇಷ್ಮೆ ಬಗ್ಗೆಯೇ ಅನುಮಾನವಿದ್ದರೆ ಒಡಲಿನ ಒಂದು ಎಳೆ ಸುಡಿಸಿ ನೋಡಬಹುದು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಕಂಚಿ ಸೀರೆ ಕೊರ್ವೈ ನೇಯ್ಗೆಯದು (ಒಡಲನ್ನೂ ಅಂಚನ್ನೂ ಮಗ್ಗದಲ್ಲೇ ಬೆಸೆದು ನೇಯ್ದದ್ದು) ಎಂದರೆ, ಒಡಲು ಅಂಚು ಕೂಡುವ ಗೆರೆಯನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯಿರಿ. ಸಂದು ಬಿಡಬಾರದು. ಆಮೇಲೆ ಪೂರ್ತಿ ಸೀರೆ ಬೆಳಕಿಗೆ ಹಿಡಿದು ಮಡಿಕೆಯ ಗೆರೆಗಳಲ್ಲಿ ಬಣ್ಣ ಮಾಸಿದೆಯೇ, ಎಳೆ ಹರಿದಿದೆಯೇ, ಎಣ್ಣೆ ಕಲೆ ಇದೆಯೇ ನೋಡಿ. ಶೋಕೇಸಿನಲ್ಲಿ ಬಹಳ ದಿನ ಇದ್ದ ಸೀರೆಯ ಮೇಲಿನ ಮಡಿಕೆ ಮಂಕಾಗಿರುತ್ತದೆ. ಒದ್ದೆ ಮಾಡಿದ ಕರ್ಚೀಫಿನ ತುದಿಯನ್ನು ಒಳಮಡಿಕೆಗೆ, ಅಂಗಡಿಯವರನ್ನು ಕೇಳಿಯೇ, ಒತ್ತಿ ನೋಡಿ. ಕಡು ಕೆಂಪು ಅಂಚು, ಕೆನೆ ಒಡಲಿನ ಸೀರೆಗಂತೂ ಇದು ಬೇಕೇ ಬೇಕು. ಧಾರೆಯ ನೀರು, ಹಾಲು ಬಿದ್ದಾಗ ಕೆಂಪು ಹರಿದರೆ ಸರಿಪಡಿಸಲಾಗದು.

ಕೊನೆಗೆ ಟೇಪು. ಬ್ಲೌಸ್ ಪೀಸ್ ಬಿಟ್ಟು ಸೀರೆ ಸುಮಾರು 5.5 ಮೀಟರ್ ಇರಬೇಕು, ಬ್ಲೌಸಿಗೆ 80 ಸೆಂಟಿಮೀಟರ್. ಮೈ ತುಂಬಿಕೊಂಡಿರುವವರಿಗೆ, ಉದ್ದ ತೋಳು ಬೇಕಾದವರಿಗೆ 80 ಸಾಲದು, ಅದೇ ಬಣ್ಣದ ಬಟ್ಟೆ ಬೇರೆ ಸಿಗುತ್ತದೆಯೇ ಎಂದು ಅಲ್ಲೇ ಕೇಳಿ.

ಹಂತ 9: ಬಿಲ್, ಮತ್ತು ಒಂದು ದಿನ ತಡೆಯಿರಿ

ಬದಲಾಯಿಸಿ ಕೊಡುವುದು ಎಷ್ಟು ದಿನದೊಳಗೆ ಎಂದು ಬಿಲ್ ಮೇಲೆ ಬರೆಸಿ. ಅಂಗಡಿಯಲ್ಲೇ "ಫಾಲ್ ಹಾಕಿ ಕೊಡ್ತೀವಿ" ಎಂದರೆ ಆ ದಿನ ಬೇಡವೆನ್ನಿ. ಫಾಲ್ ಹಾಕಿದ, ಬ್ಲೌಸ್ ಪೀಸ್ ಕತ್ತರಿಸಿದ ಸೀರೆಯನ್ನು ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ. ಮರುದಿನ ಬೆಳಿಗ್ಗೆ ಮನೆಯ ಬೆಳಕಿನಲ್ಲಿ, ಅಮ್ಮನ ಎದುರು, ಒಡವೆ ಇಟ್ಟು ನೋಡಿದ ಮೇಲೆಯೇ ಕತ್ತರಿ.

ಹಂತ 10: ಟೈಲರ್ ಹತ್ತಿರ ಒಬ್ಬ ಗೆಳತಿ ಸಾಕು

ಆರಿ ವರ್ಕ್ ಮಾಡುವುದು ಬಟ್ಟೆ ಕತ್ತರಿಸುವ ಮೊದಲು, ಅಳತೆಯ ಗುರುತು ಹಾಕಿ ಚೌಕಟ್ಟಿಗೆ ಬಿಗಿದು. ಆದ್ದರಿಂದ ಕತ್ತು ಎಷ್ಟು ಆಳ, ತೋಳು ಎಷ್ಟು ಉದ್ದ ಎಂಬುದು ವರ್ಕ್ ಶುರುವಾಗುವ ಮೊದಲೇ ಅಂತಿಮವಾಗಬೇಕು. ಆಮೇಲೆ ಬದಲಿಸಲು ಬಾರದು. ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ ಬಿಡಿಸಿ, ಮದುವೆ ಓಡಾಟದಲ್ಲಿ ಮೈ ಇಳಿಯುವುದೂ ಏರುವುದೂ ಇದ್ದದ್ದೇ. ಲೈನಿಂಗ್ ಮತ್ತು ಫಾಲ್ ಎರಡನ್ನೂ ನೀರಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಹೊಲಿಯಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅವು ಕುಗ್ಗಿ ರೇಷ್ಮೆಯನ್ನು ಎಳೆಯುತ್ತವೆ.

ಹಾಕಿ ನೋಡುವ ದಿನ ಗೆಳತಿ ಮೂರು ಕೆಲಸ ಮಾಡಿಸಬೇಕು. ಎರಡೂ ಕೈ ತಲೆಗಿಂತ ಮೇಲೆತ್ತಿಸಿ: ಜೀರಿಗೆ ಬೆಲ್ಲ ಇಡುವಾಗ, ಹಾರ ಹಾಕುವಾಗ ಹೀಗೇ ಎತ್ತಬೇಕು, ಕಂಕುಳು ಬಿಗಿದರೆ ಅವತ್ತು ಹೊಲಿಗೆ ಬಿಡುತ್ತದೆ. ಕತ್ತಿನ ಹಿಂದೆ ಗಂಟು ಕಟ್ಟಿದಂತೆ ಮಾಡಿ ನೋಡಿ: ಬೆನ್ನಿನ ಮೇಲ್ತುದಿಯಲ್ಲಿ ದಾರ, ಗೊಂಡೆ ಇದ್ದರೆ ತಾಳಿಯ ದಾರ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ತೋಳಿನ ಕಲ್ಲಿನ ಕೆಲಸವನ್ನು ಸೆರಗಿಗೆ ತಾಗಿಸಿ ಎಳೆಯಿರಿ: ರೇಷ್ಮೆಯ ಎಳೆ ಏಳುತ್ತಿದ್ದರೆ ಆ ಕಲ್ಲುಗಳನ್ನು ತೆಗೆಸಿಬಿಡಿ.

ಹಂತ 11: ಕುಚ್ಚು, ತಾಲೀಮು, ಪೆಟ್ಟಿಗೆ

ಮೊದಲು ಫಾಲ್ ಮತ್ತು ಜಿಗ್‌ಜಾಗ್, ಆಮೇಲೆ ಕುಚ್ಚು, ಕೊನೆಗೆ ಇಸ್ತ್ರಿ. ಕುಚ್ಚಿನಲ್ಲಿ ಭಾರದ ಮಣಿ ಬೇಡ. ಸೆರಗನ್ನು ಗಂಡಿನ ಶಲ್ಯಕ್ಕೆ ಗಂಟು ಹಾಕಿ ಸಪ್ತಪದಿ ತುಳಿಸುವಾಗ ಆ ಮೂಲೆ ಎಳೆಯುತ್ತದೆ. ಗಂಟು ಹಾಕುವ ಮೂಲೆಯನ್ನು ಪಿನ್ನಿನಿಂದ ಸಿಕ್ಕಿಸದೆ ಬಿಡುವಂತೆ ಸೀರೆ ಉಡಿಸುವವರಿಗೆ ಮೊದಲೇ ಹೇಳಿ.

ಮದುವೆಗೆ ಹತ್ತು ದಿನ ಮೊದಲು, ಅದೇ ಲಂಗ, ಅದೇ ಚಪ್ಪಲಿ, ಅದೇ ಬ್ಲೌಸಿನಲ್ಲಿ ಪೂರ್ತಿ ಉಡಿಸಿ ಒಂದು ಗಂಟೆ ಮನೆಯಲ್ಲಿ ಓಡಾಡಿ, ನೆಲದ ಮೇಲೆ ಕೂತು ಏಳಿ. ಮಂಟಪದಲ್ಲಿ ಬರಿಗಾಲು, ಹೊರಗೆ ಚಪ್ಪಲಿ, ಹಾಗಾಗಿ ಸೀರೆಯ ಎತ್ತರ ಬರಿಗಾಲಿಗೆ ಹೊಂದಿಸಿ. ಲಂಗ ಹತ್ತಿಯದಿರಲಿ, ಸ್ಯಾಟಿನ್ ಮೇಲೆ ಭಾರದ ರೇಷ್ಮೆ ಜಾರುತ್ತದೆ.

ಸೀರೆಯನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡ, ನುಸಿಗುಳಿಗೆ ಜರಿಗೆ ತಾಗಕೂಡದು. ಅತ್ತರು, ಸ್ಪ್ರೇ ಏನಿದ್ದರೂ ಸೀರೆ ಉಡುವ ಮೊದಲೇ ಹಾಕಿಕೊಳ್ಳಿ, ಬಿದ್ದ ಕಡೆ ಜರಿ ಕಪ್ಪಾಗುತ್ತದೆ. ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ಸೀರೆ, ಬ್ಲೌಸ್, ಲಂಗ, ಒಳಉಡುಪು, ಪಿನ್ನು ಎರಡು ಡಜನ್, ಸೂಜಿ, ಅದೇ ಬಣ್ಣದ ದಾರ, ಹೆಚ್ಚುವರಿ ಹುಕ್ಕು. ಬೀಗದ ಕೈ ಮೂವರು ಗೆಳತಿಯರಲ್ಲಿ ಯಾರ ಹತ್ತಿರ ಎಂದು ಹಿಂದಿನ ರಾತ್ರಿಯೇ ಗೊತ್ತುಮಾಡಿ, ಅವಳು ಛತ್ರದಲ್ಲೇ ಮಲಗಲಿ.